ಶಿರಸ್ತೇದಾರರ ಟಪಾಲು: ಜಡ್ಜ್ ಸಾಹೇಬರಿಗೂ ವೋಟು ಬೇಕಂತೆ

ಕಳೆದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಜಿಲ್ಲಾ ಕೋರ್ಟಿನ ಜಡ್ಜ್ ಆಗಬೇಕಾದರೆ ಪಕ್ಷದ ಟಿಕೆಟ್ ಗಿಟ್ಟಿಸಿಕೊಂಡು ಚುನಾವಣೆಗೆ ನಿಲ್ಲಬೇಕು, ಕಾಸರಗೋಡಿನಲ್ಲಿ ಬೀಡಿ ಕಟ್ಟುತ್ತಿದ್ದ ಒಬ್ಬರು ಹಾಗೆ ನಿಂತು ಗೆದ್ದಿದ್ದಾರೆ ಅಂತ. ಅಷ್ಟೇ ಬರೆದದ್ದು. ಪಾಲುಪಟ್ಟಿ, ಜೀವನಾಂಶ, ಚೆಕ್ ಬೌನ್ಸು ಅಂತ ಬರುತ್ತಿದ್ದ ಟಪಾಲಿನಲ್ಲಿ ಈ ಸಲ ಅರ್ಧಕ್ಕರ್ಧ ಇದೇ ಪ್ರಶ್ನೆ. ಹಾಗಾಗಿ ಪಾಲುಪಟ್ಟಿಯವರಿಗೆ ಒಂದು ತಿಂಗಳು ವಾಯಿದೆ ಕೊಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ವಾಯಿದೆ ನಿಮಗೆ ಹೊಸತೇನಲ್ಲ.

ಹೊಸ ಓದುಗರಿಗೆ ಒಂದು ಮಾತು. ನಾನು ವಕೀಲನೂ ಅಲ್ಲ, ಜಡ್ಜೂ ಅಲ್ಲ. ದಕ್ಷಿಣ ಕನ್ನಡದ ಬೇರೆ ಬೇರೆ ಕೋರ್ಟುಗಳಲ್ಲಿ 34 ವರ್ಷ ಡಯಾಸಿನ ಕೆಳಗೆ ಕೂತವನು. ಶಿರಸ್ತೇದಾರನಾಗಿ ರಿಟೈರ್ ಆದೆ. 2022ರ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋದೆ. ಅವಳ ಮನೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ. ಅದು ಸೇರುವುದು ಫೋರ್ಟ್ ಬೆಂಡ್ ಕೌಂಟಿಗೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಎಂಟು ಲಕ್ಷಕ್ಕೂ ಹೆಚ್ಚು ಜನ. ನಾನು ಹೋದ ಹೊತ್ತಿಗೆ ಸರಿಯಾಗಿ ಚುನಾವಣೆ.

ಬೀಡಿ ಕಟ್ಟುತ್ತಿದ್ದವರು ಅಮೆರಿಕದಲ್ಲಿ ಜಡ್ಜ್ ಆದದ್ದು ನಿಜವೇ, ಅಥವಾ ವಾಟ್ಸಾಪ್ ಕಥೆಯೇ? ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವರು. ಅದಕ್ಕೇ ಕೇಳಿದೆ.
*ಓದುಗರೊಬ್ಬರು, ವಿಟ್ಲ*

ನಿಜ ಮಾರಾಯ್ರೇ. ಹೆಸರು ಸುರೇಂದ್ರನ್ ಕೆ. ಪಟ್ಟೇಲ್. ಊರು ಕಾಸರಗೋಡು ಜಿಲ್ಲೆಯ ಬಳಾಲ್. ಕೂಲಿ ಮಾಡುವವರ ಮನೆ. ಹತ್ತನೇ ಕ್ಲಾಸು ಮುಗಿದ ಮೇಲೆ ಓದು ನಿಂತಿತು, ಬೀಡಿ ಕಟ್ಟಲು ಕೂತರು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ನಿಮಗೆ ನಾನು ವಿವರಿಸಬೇಕಾಗಿಲ್ಲ. ಒಂದು ವರ್ಷದ ನಂತರ ಮತ್ತೆ ಕಾಲೇಜಿಗೆ ಸೇರಿದರು. ಕೆಲಸ ಮಾಡಿಕೊಂಡೇ ಓದುತ್ತಿದ್ದರಿಂದ ಹಾಜರಿ ಸಾಲದೇ ಬಂತು. ಪರೀಕ್ಷೆಗೆ ಕೂರಲು ಬಿಡಿ ಅಂತ ಮೇಷ್ಟ್ರುಗಳ ಹತ್ತಿರ ಬೇಡಿಕೊಂಡರಂತೆ. ಕೂತರು, ಒಳ್ಳೆಯ ಅಂಕವನ್ನೇ ತೆಗೆದರು. ಆಮೇಲೆ ಕ್ಯಾಲಿಕಟ್‌ನ ಸರ್ಕಾರಿ ಲಾ ಕಾಲೇಜು. ಆಗಲೂ ಒಂದು ಹೋಟೆಲಿನಲ್ಲಿ ಕೆಲಸ ಮಾಡಿ ಫೀಸು ಹೊಂದಿಸಿಕೊಂಡರು. 1995ರಲ್ಲಿ ಲಾ ಡಿಗ್ರಿ ಸಿಕ್ಕಿತು.

ವಕೀಲಿಕೆ ಶುರು ಮಾಡಿದ್ದು ಕಾಸರಗೋಡು ಜಿಲ್ಲೆಯ ಹೊಸದುರ್ಗದ ಕೋರ್ಟಿನಲ್ಲಿ. ಮಲಯಾಳದವರು ಹೊಸ್ದುರ್ಗ್ ಅನ್ನುತ್ತಾರೆ, ಹೆಸರು ಮಾತ್ರ ಅಚ್ಚ ಕನ್ನಡದ್ದು. 1956ರ ನವೆಂಬರ್ 1ಕ್ಕೆ ಮೊದಲು ಆ ಸೀಮೆಯೆಲ್ಲ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದೇ ಆಗಿತ್ತು. ನನಗೆ ಕೆಲಸ ಕಲಿಸಿದ ಹಳೆಯ ಹೆಡ್ ಕ್ಲರ್ಕ್ ಒಬ್ಬರು ಕಾಸರಗೋಡಿನ ಹಳೇ ಫೈಲುಗಳ ಕನ್ನಡ ಕೈಬರಹವನ್ನು ನೆನೆಸಿಕೊಂಡು ಬಾಯಿ ಚಪ್ಪರಿಸುತ್ತಿದ್ದರು. ಆ ಕಥೆ ಹಿಡಿದರೆ ಈ ಪುಟ ಸಾಲದು.

ಅಲ್ಲಿಂದ ದೆಹಲಿಗೆ ಹೋದರು. ಹೆಂಡತಿ ನರ್ಸ್. ಅವರಿಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ 2007ರಲ್ಲಿ ಸಂಸಾರ ಅಮೆರಿಕ ಸೇರಿತು. ಇಲ್ಲಿ ಹೆಸರಿದ್ದ ವಕೀಲ, ಅಲ್ಲಿ ಸ್ವಲ್ಪ ಕಾಲ ದಿನಸಿ ಅಂಗಡಿಯಲ್ಲಿ ಕೆಲಸ ಮಾಡಿದರು. ಟೆಕ್ಸಾಸ್‌ನ ಬಾರ್ ಪರೀಕ್ಷೆ ಪಾಸು ಮಾಡಿ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ ಓದಿ, ಮತ್ತೆ ಕರಿಕೋಟು ಹಾಕಿದರು. 2017ರಲ್ಲಿ ಅಮೆರಿಕದ ಪೌರತ್ವ ಬಂತು. 2020ರಲ್ಲಿ ಜಡ್ಜ್ ಹುದ್ದೆಗೆ ನಿಂತು ಸೋತರು. 2022ರಲ್ಲಿ ಮತ್ತೆ ನಿಂತರು. ಮೊದಲು ತಮ್ಮದೇ ಡೆಮಾಕ್ರಟಿಕ್ ಪಕ್ಷದ ಒಳಗಿನ ಚುನಾವಣೆಯಲ್ಲಿ ಕುರ್ಚಿಯಲ್ಲಿದ್ದ ಜಡ್ಜನ್ನೇ ಸೋಲಿಸಿದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನು ಸೋಲಿಸಿದರು. 2023ರ ಜನವರಿ 1ರಂದು ಫೋರ್ಟ್ ಬೆಂಡ್ ಕೌಂಟಿಯ 240ನೇ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್ ಆಗಿ ಪ್ರಮಾಣ ತೆಗೆದುಕೊಂಡರು. ಪ್ರಚಾರದಲ್ಲಿ ತಮ್ಮ ಇಂಗ್ಲಿಷ್ ಉಚ್ಚಾರವನ್ನು ಹಿಡಿದು ಆಡಿಕೊಂಡವರಿದ್ದರು ಅಂತ ಅವರೇ ಹೇಳಿದ್ದಾರೆ.

ಇನ್ನೊಂದು ತಮಾಷೆ ಕೇಳಿ. ಅದೇ ಕೌಂಟಿಯಲ್ಲಿ ಜೂಲಿ ಮ್ಯಾಥ್ಯೂ ಅಂತ ಇನ್ನೊಬ್ಬ ಜಡ್ಜ್. ಅವರೂ ಕೇರಳ ಮೂಲದವರೇ. 2018ರಲ್ಲಿ ಮೊದಲು ಗೆದ್ದು, 2022ರಲ್ಲಿ ಮತ್ತೆ ಗೆದ್ದರು. ಎರಡನೇ ಸಲ ಪ್ರಮಾಣ ತೆಗೆದುಕೊಳ್ಳುವಾಗ ಅವರು ಇದ್ದದ್ದು ಟೆಕ್ಸಾಸ್‌ನಲ್ಲಿ ಅಲ್ಲ. ಕಾಸರಗೋಡು ಜಿಲ್ಲೆಯ ಭೀಮನಡಿಯಲ್ಲಿ, ಗಂಡನ ಮನೆಯಲ್ಲಿ! ವಿಡಿಯೊ ಕಾಲ್‌ನಲ್ಲಿ ಪ್ರಮಾಣವಚನ ಆಯಿತು. ನಿಮ್ಮ ವಿಟ್ಲದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು ಅದು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಲಾ ಕೊನೆಯ ವರ್ಷದಲ್ಲಿದ್ದೇನೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿದ್ದೇನೆ. ಅಲ್ಲಿ ಪರೀಕ್ಷೆಯೇ ಇಲ್ಲವೇ? ಯಾರು ಬೇಕಾದರೂ ನಿಲ್ಲಬಹುದೇ?
*ವಿದ್ಯಾರ್ಥಿನಿ, ಧಾರವಾಡ*

ಜಡ್ಜ್ ಆಗಲೆಂದೇ ಒಂದು ಪರೀಕ್ಷೆ ಇಲ್ಲ ಮಗಳೇ. ಆದರೆ ಯಾರು ಬೇಕಾದರೂ ನಿಲ್ಲುವ ಹಾಗೂ ಇಲ್ಲ. ಟೆಕ್ಸಾಸ್‌ನ ಡಿಸ್ಟ್ರಿಕ್ಟ್ ಜಡ್ಜ್ ಹುದ್ದೆಗೆ ಅಮೆರಿಕದ ಪ್ರಜೆ ಆಗಿರಬೇಕು, ವಕೀಲಿಕೆಯ ಲೈಸೆನ್ಸ್ ಇರಬೇಕು. ಮೊದಲು ನಾಲ್ಕು ವರ್ಷದ ವಕೀಲಿಕೆ ಸಾಕಿತ್ತು. 2021ರಲ್ಲಿ ಜನರ ಮತಕ್ಕೆ ಹಾಕಿ ಅದನ್ನು ಎಂಟು ವರ್ಷಕ್ಕೆ ಏರಿಸಿದರು. 2025ರಿಂದ ಶುರುವಾಗುವ ಅವಧಿಗಳಿಗೆ ಈ ಹೊಸ ನಿಯಮ. ಅವಧಿ ನಾಲ್ಕು ವರ್ಷ, ಮತ್ತೆ ಮತ್ತೆ ನಿಲ್ಲಬಹುದು. ಮಧ್ಯದಲ್ಲಿ ಕುರ್ಚಿ ಖಾಲಿಯಾದರೆ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ತಾವೇ ಒಬ್ಬರನ್ನು ತಂದು ಕೂರಿಸುತ್ತಾರೆ. ಅವರೂ ಮುಂದಿನ ಚುನಾವಣೆಯಲ್ಲಿ ಜನರ ಮುಂದೆ ಹೋಗಲೇಬೇಕು.

ಅದರ ಕೆಳಗೆ ಜಸ್ಟಿಸ್ ಆಫ್ ದಿ ಪೀಸ್ ಅಂತ ಸಣ್ಣ ಕೋರ್ಟುಗಳಿವೆ. ಸಣ್ಣ ಸಾಲ, ಬಾಡಿಗೆ ಮನೆ ಖಾಲಿ ಮಾಡಿಸುವುದು, ಟ್ರಾಫಿಕ್ ದಂಡ, ಇಂಥವು. ಅಲ್ಲಿಗೂ ಚುನಾವಣೆ ಇದೆ. ಆ ಜಡ್ಜ್ ವಕೀಲರೇ ಆಗಿರಬೇಕಿಲ್ಲ! ಇದನ್ನು ಕೇಳಿ ನಾನು ಮಗಳಿಗೆ ಎರಡು ಸಲ ಕೇಳಿದೆ, ಸರಿಯಾಗಿ ಓದಿದೆಯಾ ಅಂತ.

ಈಗ ನಮ್ಮದನ್ನು ಪಕ್ಕದಲ್ಲಿಟ್ಟು ನೋಡು. ನಿನಗೆ ಪ್ರಿಲಿಮ್ಸ್, ಮೇನ್ಸ್, ವೈವಾ. ಮೇನ್ಸ್‌ನಲ್ಲಿ ಒಂದು ಪತ್ರಿಕೆ ಪೂರ್ತಿ ಭಾಷಾಂತರ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಊರಿನ ಮಾತಿನಲ್ಲಿ ಹೇಳಿದ್ದನ್ನು ತಪ್ಪದೇ ಇಂಗ್ಲಿಷಿಗೆ ಇಳಿಸುವುದು ಜಡ್ಜ್ ಕೆಲಸದ ಅರ್ಧ ಪಾಲು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿಕೆ ಬೇಕೇ ಬೇಕು ಅಂತ ಮತ್ತೆ ಹೇಳಿದೆ. ನಿನಗೆ ಬೇಸರ ಆಗಿರಬಹುದು. ನನಗೆ ಖುಷಿ ಆಯಿತು. ಕಾಲೇಜು ಬಿಟ್ಟು ಸೀದಾ ಡಯಾಸಿಗೆ ಬಂದ ಹುಡುಗರನ್ನು ನಾನು ಕಂಡಿದ್ದೇನೆ. ಒಬ್ಬರು ಮೊದಲ ದಿನ ಚೇಂಬರಿಗೆ ಕರೆದು ಬಾಗಿಲು ಹಾಕಿ ಮೆಲ್ಲಗೆ ಕೇಳಿದರು: "ಶಿರಸ್ತೇದಾರ್ರೇ, ಮೆಮೋ ಕೊಟ್ರೆ ಅದರ ಮೇಲೂ ಆರ್ಡರ್ ಬರೀಬೇಕಾ?" ಒಳ್ಳೆಯ ಮನುಷ್ಯ, ಬೇಗ ಕಲಿತರು. ಆದರೆ ಅವರು ಕಲಿಯುತ್ತಿದ್ದದ್ದು ಯಾರದೋ ಜಮೀನಿನ ಮೇಲೆ.

ವಯಸ್ಸಿನ ಮಾತೂ ಇದೆ. ಪಟ್ಟೇಲ್ ಅವರು ಪ್ರಮಾಣ ತೆಗೆದುಕೊಂಡಾಗ ಐವತ್ತು ದಾಟಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಸಿವಿಲ್ ಜಡ್ಜ್ ಪರೀಕ್ಷೆಯ ಬಾಗಿಲೂ ಮುಚ್ಚಿರುತ್ತದೆ, ವಕೀಲರಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರನ್ನು ತೆಗೆದುಕೊಳ್ಳುವ ಬಾಗಿಲೂ ಮುಚ್ಚಿರುತ್ತದೆ. ಜಿಲ್ಲಾ ನ್ಯಾಯಾಧೀಶರು 60ಕ್ಕೆ ಮನೆಗೆ ಹೋಗುತ್ತಾರೆ. ಟೆಕ್ಸಾಸ್‌ನಲ್ಲಿ ಆ ಮಿತಿ 75.

ಪಕ್ಷದ ಚಿಹ್ನೆ ಮೇಲೆ ಗೆದ್ದ ಜಡ್ಜ್ ಎದುರು ಪಕ್ಷದವನಿಗೆ ನ್ಯಾಯ ಕೊಡುತ್ತಾರೆಯೇ? ಜನ ಯಾವುದನ್ನು ನೋಡಿ ವೋಟು ಹಾಕುತ್ತಾರೆ? ತೀರ್ಪುಗಳನ್ನು ಓದಿಯೇ?
*ನಿವೃತ್ತ ಮುಖ್ಯೋಪಾಧ್ಯಾಯರು, ಶಿವಮೊಗ್ಗ*

ಸರ್, ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಗಳ ಮನೆಯ ಬೀದಿಯಲ್ಲಿ ಹುಲ್ಲಿನ ಮೇಲೆ ಸಣ್ಣ ಸಣ್ಣ ಬೋರ್ಡು ಚುಚ್ಚಿದ್ದರು. ತೆಳ್ಳಗಿನ ಪ್ಲಾಸ್ಟಿಕ್ ಹಲಗೆ, ಅಡಿಯಲ್ಲಿ ತಂತಿಯ ಕಾಲು. ಒಬ್ಬರ ಹೆಸರು, 'ಜಡ್ಜ್', ಕೋರ್ಟಿನ ನಂಬರು. ಕೆಲವು ಬೋರ್ಡಿನಲ್ಲಿ ಹೆಸರಿಗೂ ಹುದ್ದೆಗೂ ಮಧ್ಯೆ 'ಫಾರ್' ಅಂತ ಇತ್ತು, ಕೆಲವದರಲ್ಲಿ ಇರಲಿಲ್ಲ. ಪ್ರೆಸ್ಸಿನವರ ತಪ್ಪು ಅಂದುಕೊಂಡೆ. ಅಲ್ಲವಂತೆ, ಅದು ಕಾನೂನು. ಈಗಾಗಲೇ ಕುರ್ಚಿಯಲ್ಲಿ ಇಲ್ಲದವರು 'ಫಾರ್' ಹಾಕಲೇಬೇಕು. ಇಲ್ಲದಿದ್ದರೆ ನೋಡಿದವರು ಇವರೇ ಜಡ್ಜ್ ಅಂದುಕೊಳ್ಳುತ್ತಾರೆ. ಎಷ್ಟು ಸಣ್ಣ ಮಾತು, ಎಷ್ಟು ಸರಿ. ಇಂಥ ಸೂಕ್ಷ್ಮ ಕಂಡರೆ ಕೋರ್ಟ್ ಗುಮಾಸ್ತನಿಗೆ ಸಂತೋಷ ಆಗುತ್ತದೆ.

ಒಂದು ರಾತ್ರಿ ಊಟ ಆದ ಮೇಲೆ ಮಗಳು ಮೇಜಿನ ಮೇಲೆ ಮಾದರಿ ಮತಪತ್ರ ಹರಡಿಕೊಂಡು ಕೂತಳು. ಅಳಿಯ ಪಾತ್ರೆ ತೊಳೆಯುತ್ತಿದ್ದ. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಸಂಸತ್ತಿನ ಸದಸ್ಯ, ಗವರ್ನರ್ ಅಂತ ಶುರುವಾಗಿ ಪುಟ ಮುಗಿಯುವುದೇ ಇಲ್ಲ. ರಾಜ್ಯದ ದೊಡ್ಡ ಕೋರ್ಟಿನ ಜಡ್ಜ್‌ಗಳು, ಮೇಲ್ಮನವಿ ಕೋರ್ಟಿನವರು, ಡಿಸ್ಟ್ರಿಕ್ಟ್ ಕೋರ್ಟಿನವರು, ಕೌಂಟಿ ಕೋರ್ಟಿನವರು. ಕೊನೆಗೆ ಒಂದು ಸಾಲು ನೋಡಿ ನನ್ನ ಕೈಯಲ್ಲಿದ್ದ ಮಜ್ಜಿಗೆ ಲೋಟ ಅಲ್ಲೇ ನಿಂತಿತು. 'ಡಿಸ್ಟ್ರಿಕ್ಟ್ ಕ್ಲರ್ಕ್'. ಅಂದರೆ ಕೋರ್ಟಿನ ದಾಖಲೆ ನೋಡಿಕೊಳ್ಳುವವರು. ನಮ್ಮವರು! ಅವರಿಗೂ ಚುನಾವಣೆ, ಪಕ್ಷದ ಟಿಕೆಟ್, ನಾಲ್ಕು ವರ್ಷ ಅವಧಿ. ಫೈಲು ಕಳೆದುಹೋದರೆ ಜನ ವೋಟು ಹಾಕಿ ಮನೆಗೆ ಕಳಿಸಬಹುದು. ನನ್ನ ಕಾಲದಲ್ಲಿ ಹಾಗೆ ಇದ್ದಿದ್ದರೆ ರೆಕಾರ್ಡ್ ರೂಮಿನ ಗೆದ್ದಲು ಎಷ್ಟು ಜನರ ಠೇವಣಿ ಕಳೆಯುತ್ತಿತ್ತೋ.

"ಇವರಲ್ಲಿ ನಿನಗೆ ಎಷ್ಟು ಜನ ಗೊತ್ತು?" ಅಂತ ಮಗಳನ್ನು ಕೇಳಿದೆ. "ಇಬ್ಬರು ಅಪ್ಪ. ಒಬ್ಬರು ದೀಪಾವಳಿ ಕಾರ್ಯಕ್ರಮಕ್ಕೆ ಬಂದಿದ್ರು" ಅಂದಳು. ಉಳಿದವರಿಗೆ? ಸ್ಥಳೀಯ ಪತ್ರಿಕೆ ಓದಿದಳು, ವಕೀಲೆ ಗೆಳತಿಗೆ ಮೆಸೇಜ್ ಹಾಕಿದಳು. ಅಷ್ಟಾದರೂ ಗೊತ್ತಾಗದ ಕಡೆ ಪಕ್ಷ ನೋಡಿ ಟಿಕ್ ಹಾಕಿದಳು. ಮತಗಟ್ಟೆಯಲ್ಲಿ ಫೋನ್ ಬಳಸುವಂತಿಲ್ಲ. ಹಾಗಾಗಿ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದಳು. ಅವಳು ಓದಿದವಳು, ಎರಡು ಗಂಟೆ ಕೂತು ನೋಡಿದವಳು. ಅವಳ ಗತಿಯೇ ಇದು.

ಅಂದರೆ ಬಹುಪಾಲು ಜನರಿಗೆ ಜಡ್ಜ್ ಹೆಸರಿನ ಪಕ್ಕದ ಪಕ್ಷವೇ ಗುರುತು. ಮೊದಲು ಒಂದೇ ಗುಂಡಿ ಒತ್ತಿ ಇಡೀ ಪಕ್ಷಕ್ಕೆ ವೋಟು ಹಾಕುವ ಸೌಕರ್ಯವೂ ಟೆಕ್ಸಾಸ್‌ನಲ್ಲಿ ಇತ್ತು. 2020ರಿಂದ ತೆಗೆದುಹಾಕಿದರು. ಅದು ಇದ್ದ ಕಾಲದಲ್ಲಿ, 2018ರಲ್ಲಿ, ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ ಡೆಮಾಕ್ರಟಿಕ್ ಅಲೆ ಬಂತು. ವರ್ಷಗಟ್ಟಲೆ ಕೂತಿದ್ದ ರಿಪಬ್ಲಿಕನ್ ಜಡ್ಜ್‌ಗಳು ಸಾಲುಸಾಲಾಗಿ ಮನೆಗೆ ಹೋದರು. ಒಳ್ಳೆಯವರೂ ಹೋದರು, ಕೆಟ್ಟವರೂ ಹೋದರು. ಅದೇ ಅಲೆಯಲ್ಲಿ 17 ಜನ ಕರಿಯ ಮಹಿಳೆಯರು ಒಟ್ಟಿಗೆ ಜಡ್ಜ್ ಆದರು. ಅಷ್ಟು ಕಾಲ ಆ ಡಯಾಸುಗಳ ಮೇಲೆ ಅಂಥ ಮುಖಗಳು ಕಂಡದ್ದು ಕಡಿಮೆ. ಇದನ್ನು ಒಳ್ಳೆಯದು ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ? ನನಗೆ ಎರಡೂ ಅನ್ನಿಸುತ್ತದೆ.

ಇನ್ನು ದುಡ್ಡು. ಬೋರ್ಡು, ಕರಪತ್ರ, ಸಭೆ, ಎಲ್ಲಕ್ಕೂ ಖರ್ಚಿದೆ. ಕೊಡುವವರು ಯಾರು? ಜಡ್ಜ್ ಚುನಾವಣೆಯಲ್ಲಿ ನಿಜವಾದ ಆಸಕ್ತಿ ಇರುವವರು ವಕೀಲರೇ, ಅಲ್ವಾ? ನಾಳೆ ಅವರ ಮುಂದೆಯೇ ನಿಂತು ವಾದ ಮಾಡಬೇಕಾದವರು. ಒಬ್ಬರು ಇಷ್ಟೇ ಕೊಡಬಹುದು ಅಂತ ಟೆಕ್ಸಾಸ್ 1995ರಲ್ಲಿ ಕಾನೂನು ಮಾಡಿ ಮಿತಿ ಹಾಕಿದೆ. ಫ್ಲೋರಿಡಾದಲ್ಲಿ ಇನ್ನೂ ಬಿಗಿ. ಅಲ್ಲಿ ಅಭ್ಯರ್ಥಿ ತಾನೇ ಕೈಚಾಚುವಂತಿಲ್ಲ, ಸಮಿತಿ ಕೇಳಬೇಕು. ಕೌಂಟಿ ಕೋರ್ಟಿಗೆ ನಿಂತ ಒಬ್ಬ ವಕೀಲೆ ತನ್ನ ಸಹಿ ಹಾಕಿ ದೇಣಿಗೆ ಕೇಳುವ ಪತ್ರ ಕಳಿಸಿದರು. ಶಿಸ್ತುಕ್ರಮ ಆಯಿತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರಲ್ಲಿ ಐದು-ನಾಲ್ಕರಲ್ಲಿ ಅವರ ವಿರುದ್ಧ ತೀರ್ಪು ಬಂತು. ಪಶ್ಚಿಮ ವರ್ಜೀನಿಯಾದ ಕಥೆ ಇದಕ್ಕಿಂತ ದೊಡ್ಡದು. ಕಲ್ಲಿದ್ದಲು ಕಂಪನಿಯೊಂದರ ಮೇಲೆ 5 ಕೋಟಿ ಡಾಲರ್ ಪರಿಹಾರದ ತೀರ್ಪು ಬಂದಿತ್ತು. ಮೇಲ್ಮನವಿಗೆ ಮೊದಲು ಆ ಕಂಪನಿಯ ಮುಖ್ಯಸ್ಥ ರಾಜ್ಯದ ಮೇಲಿನ ಕೋರ್ಟಿನ ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸಲು ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿದ. ಅಭ್ಯರ್ಥಿ ಗೆದ್ದರು, ಆ ಕೇಸಿನಲ್ಲಿ ಕೂತರು, ಮೂರು-ಎರಡರಲ್ಲಿ ಕಂಪನಿ ಗೆದ್ದಿತು. ಆ ಜಡ್ಜ್ ಈ ಕೇಸಿನಲ್ಲಿ ಕೂರಲೇಬಾರದಿತ್ತು ಅಂತ 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅದೂ ಐದು-ನಾಲ್ಕರಲ್ಲಿ! ನಾಲ್ಕು ಜನರಿಗೆ ಅದು ಸರಿ ಕಾಣಲಿಲ್ಲ ಅನ್ನುವುದನ್ನು ಗಮನಿಸಿ.

ಆದರೆ ನನ್ನ ನಿದ್ದೆ ಕೆಡಿಸಿದ್ದು ದುಡ್ಡಿನ ಕಥೆ ಅಲ್ಲ, ಕ್ಯಾಲಿಫೋರ್ನಿಯಾದ್ದು. ಸಾಂಟಾ ಕ್ಲಾರಾ ಕೌಂಟಿ. ಕ್ಯುಪರ್ಟಿನೊ, ಸನ್ನಿವೇಲ್ ಎಲ್ಲ ಅದರಲ್ಲೇ ಬರುತ್ತವೆ, ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಸ್ಟ್ಯಾನ್‌ಫರ್ಡ್‌ನ ಒಬ್ಬ ವಿದ್ಯಾರ್ಥಿ 2015ರಲ್ಲಿ ಪ್ರಜ್ಞೆ ತಪ್ಪಿದ್ದ ಯುವತಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. ಸಾಮಾನ್ಯ ಜನರೇ ಕೂರುವ ಜ್ಯೂರಿ ತಪ್ಪಿತಸ್ಥ ಅಂದಿತು. ಸರ್ಕಾರಿ ವಕೀಲರು ಆರು ವರ್ಷ ಕೇಳಿದರು. ಆರನ್ ಪರ್ಸ್ಕಿ ಎಂಬ ಜಡ್ಜ್ 2016ರಲ್ಲಿ ಆರು ತಿಂಗಳು ಕೊಟ್ಟರು. ಹುಡುಗ ಮೂರೇ ತಿಂಗಳಿಗೆ ಹೊರಗೆ ಬಂದ. ಜನ ಕೆರಳಿದರು. ಕೆರಳುವಂಥದ್ದೇ. ಜಡ್ಜ್‌ಗಳ ನಡತೆ ವಿಚಾರಿಸುವ ಆಯೋಗ ನೋಡಿ, ಇವರದು ದುರ್ನಡತೆ ಅಲ್ಲ ಅಂದಿತು. ಆದರೂ ಸಹಿ ಸಂಗ್ರಹ ಆಗಿ, 2018ರ ಜೂನ್‌ನಲ್ಲಿ ಮತ ಹಾಕಿ ಅವರನ್ನು ಅವಧಿಯ ಮಧ್ಯದಲ್ಲೇ ಇಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ 80 ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೆ ಆಗಿರಲಿಲ್ಲ.

ಆ ಶಿಕ್ಷೆ ಕಡಿಮೆ ಅಂತ ನನಗೂ ಅನ್ನಿಸುತ್ತದೆ. ಆ ಹುಡುಗಿಯ ತಂದೆಯ ಜಾಗದಲ್ಲಿ ನಿಂತು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಡಯಾಸಿನ ಕೆಳಗೆ ಕೂತವನಾಗಿ ಬೇರೆಯೇ ಯೋಚನೆ ಬರುತ್ತದೆ. ಮಾರನೇ ದಿನ ಅದೇ ಕಟ್ಟಡದ ಪಕ್ಕದ ಹಾಲ್‌ನಲ್ಲಿ ಇನ್ನೊಬ್ಬ ಜಡ್ಜ್ ಕೂತಿರುತ್ತಾರೆ. ಎದುರಿಗೆ ಯಾರೋ ಬಡ ಹುಡುಗ, ಮೊದಲ ಅಪರಾಧ. ಪೆನ್ನು ಹಿಡಿದಾಗ ಆ ಜಡ್ಜ್ ತಲೆಯಲ್ಲಿ ಏನು ಓಡುತ್ತದೆ? ಕಡಿಮೆ ಶಿಕ್ಷೆ ಕೊಟ್ಟರೆ ಕುರ್ಚಿ ಹೋಗಬಹುದು. ಜಾಸ್ತಿ ಕೊಟ್ಟರೆ ಯಾರೂ ಸಹಿ ಸಂಗ್ರಹಿಸುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಅಂದುಕೊಂಡಿದ್ದೇನೆ ಸರ್. ಎದುರು ಪಕ್ಷದವನಿಗೆ ಅನ್ಯಾಯ ಆಗುವುದು ಅಪರೂಪ. ಆಸ್ತಿ ಜಗಳದಲ್ಲಿ, ಡೈವೋರ್ಸಿನಲ್ಲಿ ಪಕ್ಷ ಎಲ್ಲಿಂದ ಬರಬೇಕು? ಭಯ ಇರುವುದು ಸುದ್ದಿಯಾಗುವ ಕೇಸಿನಲ್ಲಿ.

ಸಿನಿಮಾದಲ್ಲಿ ತೋರಿಸುವ ಹಾಗೆ ಅಲ್ಲಿನ ಜಡ್ಜ್ ಮರದ ಸುತ್ತಿಗೆ ಬಡಿಯುತ್ತಾರಾ?
*ಎಂಟನೇ ತರಗತಿ, ಹಾವೇರಿ*

ಅಲ್ಲಿ ಸುತ್ತಿಗೆ ಇದೆ ಪುಟ್ಟಾ. ನಾನು ರಿಚ್ಮಂಡ್‌ನಲ್ಲಿರುವ ಫೋರ್ಟ್ ಬೆಂಡ್ ಕೋರ್ಟಿಗೆ ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಬೆಲ್ಟು, ಪರ್ಸು ಎಲ್ಲ ತಟ್ಟೆಯಲ್ಲಿಟ್ಟು ಒಳಗೆ ಬಿಟ್ಟರು. ಆ ದಿನ ಯಾರೂ ಸುತ್ತಿಗೆ ಬಡಿಯಲಿಲ್ಲ. ನಮ್ಮ ಕೋರ್ಟುಗಳಲ್ಲಂತೂ ಸುತ್ತಿಗೆಯೇ ಇಲ್ಲ. 34 ವರ್ಷದಲ್ಲಿ ನಾನು ಕಂಡ ಸುತ್ತಿಗೆ ಒಂದೇ, ಕಿಟಕಿ ರಿಪೇರಿಗೆ ಬಂದ ಬಡಗಿಯದು. ನಮ್ಮಲ್ಲಿ ಸದ್ದು ಅಡಗಿಸಲು ದಫೇದಾರರ ಒಂದು ಕೆಮ್ಮು ಸಾಕು.

ಅಲ್ಲಿ ನೀನು ನೋಡಬೇಕಾದದ್ದು ಪಕ್ಕದ ಕಟಕಟೆ. ಹನ್ನೆರಡು ಕುರ್ಚಿ. ಅಲ್ಲಿ ಜ್ಯೂರಿ ಕೂರುತ್ತದೆ. ಅಂಗಡಿಯವರು, ಟೀಚರು, ಡ್ರೈವರು, ಯಾರು ಬೇಕಾದರೂ ಇರಬಹುದು. ಆರೋಪಿ ತಪ್ಪು ಮಾಡಿದ್ದಾನಾ ಇಲ್ಲವಾ ಅಂತ ಹೇಳುವವರು ಅವರು. ಕೆಳಗಿನ ಕೌಂಟಿ ಕೋರ್ಟಿನಲ್ಲಿ ಆರೇ ಜನ. ಟೆಕ್ಸಾಸ್‌ನಲ್ಲಿ ಆರೋಪಿ ಬಯಸಿದರೆ ಶಿಕ್ಷೆ ಎಷ್ಟು ಅನ್ನುವುದನ್ನೂ ಜ್ಯೂರಿಯೇ ಹೇಳಬಹುದು. ಜಡ್ಜ್ ಒಬ್ಬರೇ ಎಲ್ಲ ಮಾಡುವುದಿಲ್ಲ.

ಫೋರ್ಟ್ ಬೆಂಡ್‌ನ 'ಕೌಂಟಿ ಜಡ್ಜ್' ಕೂಡ ಮಲಯಾಳಿ ಅಂತ 2018ರಲ್ಲಿ ಓದಿದ್ದೆ. ನೀವು ಬರೆದ ಬೀಡಿ ಕಟ್ಟುತ್ತಿದ್ದ ಜಡ್ಜ್ ಅವರೇನಾ?
*ಓದುಗರು, ಉಡುಪಿ*

ಅಲ್ಲ. ಈ ಹೆಸರು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಟೆಕ್ಸಾಸ್‌ನ ದೊಡ್ಡ ಕೌಂಟಿಗಳಲ್ಲಿ ಕೌಂಟಿ ಜಡ್ಜ್ ಅಂದರೆ ಆಡಳಿತದ ಮುಖ್ಯಸ್ಥ. ರಸ್ತೆ, ಬಜೆಟ್, ಚಂಡಮಾರುತ ಬಂದಾಗ ಜನರನ್ನು ಸ್ಥಳಾಂತರ ಮಾಡಿಸುವುದು ಅವರ ಕೆಲಸ. ಜಿಲ್ಲಾ ಪಂಚಾಯಿತಿ ಅಧ್ಯಕ್ಷರನ್ನೂ ಡಿಸಿಯನ್ನೂ ಕಲಸಿದ ಹಾಗೆ. ವಕೀಲರೇ ಆಗಿರಬೇಕು ಅಂತಿಲ್ಲ. ಅವರು ಕೂರುವ ಸಭೆಗೆ ಕಮಿಷನರ್ಸ್ ಕೋರ್ಟ್ ಅನ್ನುತ್ತಾರೆ, ಅಲ್ಲಿ ಕೇಸೇ ನಡೆಯುವುದಿಲ್ಲ. ಹೆಸರು ಇಟ್ಟವರನ್ನು ಕೇಳಬೇಕು.

ಮಗ ಡಲ್ಲಾಸ್‌ನಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ. ಅವನು ಇಂಥ ಜಡ್ಜ್‌ಗಳಿಗೆ ವೋಟು ಹಾಕಬಹುದೇ?
*ಗೃಹಿಣಿ, ತುಮಕೂರು*

ಹಾಕಬಾರದು ತಾಯಿ. ಪೌರತ್ವ ಬೇಕೇ ಬೇಕು. ಗ್ರೀನ್ ಕಾರ್ಡಿನವರು ಗೊತ್ತಿಲ್ಲದೆ ವೋಟು ಹಾಕಿದರೂ ದೊಡ್ಡ ತೊಂದರೆ, ಮುಂದೆ ಪೌರತ್ವಕ್ಕೇ ಕುತ್ತು. ಅವನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ನಮ್ಮಲ್ಲೂ ಜನರೇ ಜಡ್ಜ್‌ಗಳನ್ನು ಆರಿಸಿದರೆ ಕೇಸುಗಳು ಬೇಗ ಮುಗಿಯುವುದಿಲ್ಲವೇ? ನಮ್ಮ ಪಾಲಿನ ದಾವೆ 19 ವರ್ಷದಿಂದ ನಡೆಯುತ್ತಿದೆ.
*ಕೃಷಿಕರು, ಸುಳ್ಯ*

19 ವರ್ಷ ಅಂದಾಗ ನನಗೇ ತಲೆ ತಗ್ಗಿಸುವ ಹಾಗಾಯಿತು. ನಿಮ್ಮ ಸಿಟ್ಟು ನನಗೆ ಗೊತ್ತು. ಒಂದು ಊರಿನಲ್ಲಿ ಒಬ್ಬ ಸಾಹೇಬರಿದ್ದರು. ಹನ್ನೊಂದಕ್ಕೆ ಕೂರಬೇಕಾದವರು ಹನ್ನೆರಡಕ್ಕೆ ಬರುತ್ತಿದ್ದರು. ಮೊದಲ ಬಸ್ಸಿಗೆ, ಬುತ್ತಿ ಕಟ್ಟಿಕೊಂಡು ಬಂದ ಅಜ್ಜಿಯೊಬ್ಬರು ವರಾಂಡದಲ್ಲಿ ಕೂತಿರುತ್ತಿದ್ದರು. ನಾಲ್ಕು ಗಂಟೆಗೆ ನಾನು ಹೊರಗೆ ಬಂದು ಮುಂದಿನ ತಾರೀಕು ಹೇಳುತ್ತಿದ್ದೆ. ಅಜ್ಜಿ ನನ್ನನ್ನೇ ಬೈಯುತ್ತಿದ್ದರು. ಬೈಯಲು ಅವರಿಗೆ ಸಿಗುತ್ತಿದ್ದವನು ನಾನೊಬ್ಬನೇ. ಅವರ ಕೈಯಲ್ಲಿ ಒಂದು ವೋಟು ಇದ್ದಿದ್ದರೆ ಆ ಸಾಹೇಬರು ಹತ್ತೂವರೆಗೇ ಬರುತ್ತಿದ್ದರೋ ಏನೋ.

ಈಗ ಇನ್ನೊಂದು ಊರು, ಇನ್ನೊಬ್ಬರು. ಚಿಕ್ಕ ವಯಸ್ಸಿನ ಮುನ್ಸೀಫರು. ಊರಿಗೇ ಬೆಂಕಿ ಬಿದ್ದಂಥ ಒಂದು ಗಲಾಟೆ ಕೇಸು. ಪೊಲೀಸರು ಹನ್ನೊಂದು ಹುಡುಗರನ್ನು ತಂದು ನಿಲ್ಲಿಸಿದರು. ಅದರಲ್ಲಿ ಮೂವರ ಮೇಲೆ ಕಾಗದದಲ್ಲಿ ಏನೂ ಇರಲಿಲ್ಲ, ನಾನೇ ಫೈಲು ತಿರುವಿ ನೋಡಿದ್ದೆ. ಹೊರಗೆ ಇನ್ನೂರು ಜನ ಘೋಷಣೆ ಕೂಗುತ್ತಿದ್ದರು. ಮುನ್ಸೀಫರು ನೀರು ಕುಡಿದರು, ಮೂವರಿಗೆ ಜಾಮೀನು ಬರೆಸಿದರು, ಸಹಿ ಹಾಕಿದರು, ಮುಂದಿನ ಕೇಸು ಕರೆಯಿರಿ ಅಂದರು. ಸಂಜೆ ಹಿಂದಿನ ಬಾಗಿಲಿನಿಂದ ಅವರನ್ನು ಮನೆಗೆ ಬಿಟ್ಟು ಬಂದವನು ನಾನೇ. ಆ ಊರಿನಲ್ಲಿ ಮರುವಾರ ಚುನಾವಣೆ ಇಟ್ಟಿದ್ದರೆ ಅವರಿಗೆ ಹತ್ತು ವೋಟು ಬೀಳುತ್ತಿರಲಿಲ್ಲ. ಮುಂದಿನ ವರ್ಷ ಮಾಮೂಲಿ ವರ್ಗಾವಣೆ ಆಯಿತು, ಅವರು ತಮ್ಮ ಪಾಡಿಗೆ ಹೋದರು.

ಈ ಇಬ್ಬರನ್ನೂ ಕಂಡವನಾಗಿ ಹೇಳುತ್ತೇನೆ, ನನಗೆ ಚುನಾವಣೆ ಬೇಡ. ಆ ಅಜ್ಜಿಯ ಸಿಟ್ಟಿಗೆ ಬೇರೆ ದಾರಿ ಬೇಕು. ಖಾಲಿ ಹುದ್ದೆ ತುಂಬಬೇಕು, ಸಮನ್ಸ್ ಜಾರಿಗೆ ಅಮೀನರು ಸಾಕಷ್ಟು ಇರಬೇಕು, ಸುಮ್ನೆ ವಾಯಿದೆ ಕೇಳುವ ವಕೀಲರಿಗೆ ದಂಡ ಬೀಳಬೇಕು. ನಿಮ್ಮ 19 ವರ್ಷದಲ್ಲಿ ಎಷ್ಟು ವಾಯಿದೆಗಳನ್ನು ನಿಮ್ಮ ವಕೀಲರೇ ತೆಗೆದುಕೊಂಡರು, ಕೇಳಿ ನೋಡಿ. ಆರ್ಡರ್ ಶೀಟಿನ ನಕಲಿಗೆ ಅರ್ಜಿ ಹಾಕಿ. ಎಲ್ಲ ತಾರೀಕೂ ಅದರಲ್ಲಿ ಬರೆದಿರುತ್ತದೆ.

ಅಮೆರಿಕದವರು ಹುಚ್ಚರಾಗಿ ಈ ಪದ್ಧತಿ ಮಾಡಿದ್ದೂ ಅಲ್ಲ. ಮಿಸಿಸಿಪ್ಪಿ 1832ರಲ್ಲಿ ಎಲ್ಲ ಜಡ್ಜ್‌ಗಳಿಗೂ ಚುನಾವಣೆ ತಂದಿತು. ಆಗ ಜಡ್ಜ್‌ಗಿರಿ ಅಂದರೆ ಅಧಿಕಾರದಲ್ಲಿದ್ದವರು ತಮ್ಮ ಕಡೆಯವರಿಗೆ ಹಂಚುವ ಹುದ್ದೆ ಅಂತ ಜನರಿಗೆ ಬೇಸರ ಬಂದಿತ್ತು. ಅದರಿಂದ ತಪ್ಪಿಸಿಕೊಳ್ಳಲು ವೋಟಿನ ಕಡೆ ಓಡಿದರು. ಆಮೇಲೆ ವೋಟಿನ ತೊಂದರೆ ನೋಡಿ ಮಿಸ್ಸೂರಿ 1940ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಸಮಿತಿ ಹೆಸರು ಕೊಡುತ್ತದೆ, ಗವರ್ನರ್ ನೇಮಿಸುತ್ತಾರೆ, ಸ್ವಲ್ಪ ಕಾಲದ ನಂತರ 'ಇವರು ಮುಂದುವರಿಯಬೇಕೇ, ಬೇಡವೇ' ಅಂತ ಮಾತ್ರ ಜನರನ್ನು ಕೇಳುತ್ತಾರೆ. ಎದುರಾಳಿ ಇಲ್ಲ. ಬೇಕೇ ಬೇಕು ಅಂದರೆ ನಾನು ಇದಕ್ಕೆ ಅರ್ಧ ಮನಸ್ಸು ಕೊಟ್ಟೇನು. ಕೇಂದ್ರದ ಫೆಡರಲ್ ಜಡ್ಜ್‌ಗಳಿಗಂತೂ ಅಲ್ಲೂ ಚುನಾವಣೆ ಇಲ್ಲ. ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು.

ಸೋತ ಜಡ್ಜ್ ಏನು ಮಾಡುತ್ತಾರೆ?
*ವಕೀಲರು, ಮಡಿಕೇರಿ*

ನಿಮ್ಮ ಹಾಗೆ ಮತ್ತೆ ವಕೀಲಿಕೆ. ಡಿಸೆಂಬರ್ 31ರವರೆಗೆ ಎಲ್ಲರೂ ಎದ್ದು ನಿಲ್ಲುತ್ತಿದ್ದ ಮನುಷ್ಯ ಜನವರಿಯಲ್ಲಿ ಅದೇ ಹಾಲಿನಲ್ಲಿ ಫೈಲು ಹಿಡಿದು ನಿಲ್ಲಬಹುದು. ತಮ್ಮನ್ನು ಸೋಲಿಸಿದವರನ್ನೇ 'ಯುವರ್ ಆನರ್' ಅನ್ನಬೇಕಾಗಿಯೂ ಬರಬಹುದು. ಕೆಲವರು ಮುಂದಿನ ಸಲ ಇನ್ನೊಂದು ಕೋರ್ಟಿಗೆ ನಿಲ್ಲುತ್ತಾರೆ.

ಬೋರ್ಡುಗಳ ಗತಿಯನ್ನೂ ಹೇಳಿಬಿಡುತ್ತೇನೆ. ನವೆಂಬರ್ 8ಕ್ಕೆ ಮತದಾನ ಮುಗಿಯಿತು. ಮಗಳ ಹುಲ್ಲಿನ ಮೇಲಿದ್ದ ಎರಡು ಬೋರ್ಡುಗಳನ್ನು ನಾನೇ ಕಿತ್ತೆ. ತಂತಿಯ ಕಾಲು ಗಟ್ಟಿ ಇತ್ತು, ಬಿಸಾಡಲು ಮನಸ್ಸು ಬರಲಿಲ್ಲ. ಹಿತ್ತಲಲ್ಲಿ ಊರಿನಿಂದ ತಂದ ಬೀಜದ ಬಸಳೆ ಹಬ್ಬಲು ಜಾಗ ಹುಡುಕುತ್ತಿತ್ತು. ಎರಡೂ ತಂತಿಗಳನ್ನು ಅಲ್ಲಿ ಊರಿ ಬಳ್ಳಿ ಹತ್ತಿಸಿದೆ. ಹಲಗೆಗಳಲ್ಲಿ ಒಂದು ಗೆದ್ದವರದ್ದು, ಒಂದು ಸೋತವರದ್ದು. ಯಾವ ತಂತಿ ಯಾರದ್ದು ಅಂತ ಆಮೇಲೆ ನನಗೂ ಮರೆತುಹೋಯಿತು.